ಚೆಲುವಮ್ಮನ ದನಿ ಇದ್ದ ಡಿಸ್ಕು

ಬೆಟ್ಟದಪುರದ ಹೊಗೆಸೊಪ್ಪಿನ ಕೂಲಿ ಹೆಂಗಸರ ಸಂಘಕ್ಕೆ ಇರುವುದು ಒಂದೇ ಕಂಪ್ಯೂಟರು. ಹಸಿ ಸೊಪ್ಪು ಮುರಿದು ಅದರ ನಂಜಿಗೆ ತಲೆ ಸುತ್ತಿ ಬಿದ್ದವರು, ವಾಂತಿ ಮಾಡಿಕೊಂಡು ಹೊಲದಲ್ಲೇ ಮಲಗಿದವರು, ಅಷ್ಟೂ ಜನರ ಹೇಳಿಕೆ ಅವರವರ ದನಿಯಲ್ಲೇ ಐದು ವರ್ಷದಿಂದ ಅದರೊಳಗೆ ಸೇರಿದೆ. ಗುರುವಾರ ಪಿರಿಯಾಪಟ್ಟಣದಲ್ಲಿ ಅಧಿಕಾರಿಗಳ ಮುಂದೆ ಅದನ್ನೆಲ್ಲ ಕೇಳಿಸಬೇಕು, ಕೈಗವಸು ಕೊಡಿಸಿ ಎಂದು ಪಟ್ಟು ಹಿಡಿಯಬೇಕು. ಸೋಮವಾರದಿಂದ ಆ ಕಂಪ್ಯೂಟರು ಹಲ್ಲಿಯ ಹಾಗೆ ಲೊಚಗುಟ್ಟತೊಡಗಿತು.

ಸಂಘದ ಹಿರಿಯಾಳು ಮರಮ್ಮ ಅದನ್ನು ಗೋಣಿತಾಟಿನಲ್ಲಿ ಸುತ್ತಿ, ಬಸ್ಸು ಹತ್ತಿ, ರಿಪೇರಿ ಅಂಗಡಿಗೆ ಒಯ್ದಳು.

"ಹಾರ್ಡ್ ಡಿಸ್ಕು ಸಾಯ್ತಾ ಅದೆ. ಹೊಸ್ದು ಹಾಕಿ ಎಲ್ಲಾ ಮೊದ್ಲಿಂದ ಮಾಡ್ಕೊಡ್ತೀನಿ," ಎಂದ ಅಂಗಡಿಯವನು.

"ಒಳಗಿರೋದು?"

"ಹೋಯ್ತದೆ. ಕೂಲಿ ಹೆಂಗಸ್ರ ಕಂಪ್ಯೂಟರ್‌ನಾಗೆ ಏನಿದ್ದದು ಬುಡಮ್ಮ, ಸಿನಿಮಾ ಹಾಡು ತಾನೆ?"

ಮರಮ್ಮನ ಮೈ ಉರಿಯಿತು. "ಒಂದು ದಿನ ಹಸಿ ಸೊಪ್ಪು ಮುರಿಯಕ್ಕೆ ಬಾ, ಏನದೆ ಅಂತ ಗೊತ್ತಾಯ್ತದೆ," ಎಂದವಳೇ ಪೆಟ್ಟಿಗೆ ಹೊತ್ತು ವಾಪಸ್ಸು ಬಂದಳು. ಇನ್ನು ಯಾರೂ ಅದನ್ನು ಮುಟ್ಟಕೂಡದೆಂದು ತೀರ್ಮಾನಿಸಿಬಿಟ್ಟಳು.

ಹುಣಸೂರಿನಲ್ಲಿ ಕಂಪ್ಯೂಟರು ಕಲಿಸುವ ಸಂಘಮಿತ್ರ, ಮರಮ್ಮನ ತಂಗಿಯ ಮಗಳು, ಸುದ್ದಿ ಕೇಳಿ ಬುಧವಾರ ಬೆಳಿಗ್ಗೆ ಹೊಸ ಡಿಸ್ಕು ಹಿಡಿದುಕೊಂಡು ಬಂದಳು.

"ಮುಟ್ಟಬ್ಯಾಡ ಕಣಮ್ಮಿ. ಓಡ್ತಾ ಇರೋ ಗಾಡೀನ ಯಾಕೆ ಬಿಚ್ಚೀಯೆ?"

"ಓಡ್ತಾ ಇರೋವಾಗ್ಲೇ ಬಿಚ್ಚಬೇಕು ದೊಡ್ಡವ್ವ. ನಿಂತೋದ್ಮೇಲೆ ಏನ್ ಮಾಡೀಯೆ? ಇದ್ದದ್ದು ಇದ್ದಂಗೇ ಹೊಸ ಡಿಸ್ಕಿಗೆ ಇಳಿಸ್ತೀನಿ. ಕನ್ನಡ ಟೈಪಿಂಗು, ಪ್ರಿಂಟರು, ಪಾಸ್‌ವರ್ಡು, ಯಾವ್ದುನ್ನೂ ತಿರುಗಾ ಹಾಕೋ ಹಂಗಿಲ್ಲ. ಕ್ಲೋನ್ ಅಂತಾರೆ ಇದ್ಕೆ."

"ಎರಡು ಕಾಪಿ ಮಡಗಿದೀವಲ್ಲ, ಇನ್ನೇನ್ ಭಯ?"

"ಎರಡೂ ಇದೇ ಡಿಸ್ಕಲ್ಲವೆ. ಒಂದೇ ಬ್ಯಾರನ್‌ನಾಗೆ ಎರಡು ಕಡೆ ಸೊಪ್ಪು ನೇತಾಕಿದ್ರೆ, ಬೆಂಕಿ ಬಿದ್ದಾಗ ಒಂದು ಉಳಿದದಾ?"

ಮರಮ್ಮ ಪೆಟ್ಟಿಗೆಯನ್ನು ಸಂಘಮಿತ್ರಳ ಕಡೆ ಸರಿಸಿದಳು. ಸೊಪ್ಪು ಬೇಯಿಸುವ ಬ್ಯಾರನ್ನು ಸುಟ್ಟು ಬೂದಿಯಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೋದ ವರ್ಷ ತೀರಿಕೊಂಡ ತಂಗಿ, ಸಂಘಮಿತ್ರಳ ತಾಯಿ ಚೆಲುವಮ್ಮನ ಹೇಳಿಕೆಯೂ ಆ ಡಿಸ್ಕಿನಲ್ಲೇ ಇತ್ತು. ಆ ದನಿ ಬೇರೆಲ್ಲೂ ಇಲ್ಲ.

ಸಂಘಮಿತ್ರ ಹೊಸ ಡಿಸ್ಕನ್ನು ಕೇಬಲ್ಲಿನಿಂದ ಜೋಡಿಸಿದಳು. ಯಾವುದರಿಂದ ಯಾವುದಕ್ಕೆ ಎಂದು ಕಂಪ್ಯೂಟರು ಕೇಳಿತು. ತೆರೆಯ ಮೇಲೆ ಎರಡೂ ಡಿಸ್ಕು ಮೂಡಿದ್ದವು. ಅವಸರದಲ್ಲಿ ಮೇಲಿನದರಿಂದ ಕೆಳಗಿನದಕ್ಕೆ ಎಂದು ಆರಿಸಿ ಇನ್ನೇನು ಒತ್ತಬೇಕು, ಮರಮ್ಮ ಕೈ ಅಡ್ಡ ಹಿಡಿದಳು.

"ತಡಿ. ತುಂಬಿದ್ದು ಯಾವ್ದು, ಕಾಲಿ ಯಾವ್ದು?"

"ಮೇಲಿರೋದೇ ಹಳೇದು."

"ಯಾರಂದ್ರು? ನಾವು ಸೊಪ್ಪು ಆರಿಸೋವಾಗ, ಆರಿಸಿದ ಗುಡ್ಡೆಗೆ ಬೇವಿನ ಕಡ್ಡಿ ಸಿಗಸ್ದೆ ನೀರು ಕುಡಿಯಕ್ಕೂ ಏಳಲ್ಲ. ಗುರುತು ತೋರ್ಸು."

ಸಂಘಮಿತ್ರ ಸೈಜು ಓದಿದಳು. ಮೌಸಿನಿಂದ ಕೈ ತಾನಾಗಿ ಹಿಂದೆ ಬಂತು. ಮೇಲಿದ್ದದ್ದು ಸಾವಿರ ಜಿಬಿಯ ಹೊಸ ಡಿಸ್ಕು, ಕೆಳಗಿದ್ದದ್ದು ಐನೂರರ ಹಳೆಯದು. ಒತ್ತಿದ್ದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ನುಂಗುತ್ತಿತ್ತು.

"ಅವ್ವನ ದನೀನ ನಾನೇ ಅಳಿಸ್ಬುಡ್ತಿದ್ದೆ ದೊಡ್ಡವ್ವ."

"ಅದುಕ್ಕೆ ಆಮೇಲೆ ಅಳುವಂತೆ. ಮೊದ್ಲು ಏನ್ ಮಾಡ್ಬೇಕಿತ್ತು, ಅದು ಹೇಳು."

ಮೊದಲು ಮಾಡಬೇಕಿದ್ದುದು ಹೇಳಿಕೆಗಳನ್ನು ಬೇರೆ ಪೆನ್ ಡ್ರೈವಿಗೆ ತೆಗೆದಿಡುವುದು. ಅದನ್ನು ಮಾಡಿದಳು. ಮರಮ್ಮ ಪೆನ್ ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. 'ಐನೂರು ಹಳೇದು, ಇಲ್ಲಿಂದ. ಸಾವಿರ ಹೊಸದು, ಇಲ್ಲಿಗೆ' ಎಂದು ಚೀಟಿಯಲ್ಲಿ ಬರೆದು, ಗಟ್ಟಿಯಾಗಿ ಎರಡು ಸಲ ಓದಿ, ಆಮೇಲೆ ಒತ್ತಿದರು.

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಸ್ವಿಚ್ ಹಾಕಿದರು. ಲೊಚಗುಟ್ಟುವ ಸದ್ದಿಲ್ಲ. ಎಲ್ಲವೂ ಇದ್ದಲ್ಲೇ ಇತ್ತು. ಸಂಘಮಿತ್ರ ಒಂದು ಹೇಳಿಕೆ ತೆರೆದಳು.

"ಸೊಪ್ಪು ಮುರಿದ ಕೈಲಿ ಉಂಡ್ರೆ ಅನ್ನಾನೂ ಕಹಿ ಕಣ್ರೀ," ಎಂದಳು ಚೆಲುವಮ್ಮ. "ಸೋಪು ಕೇಳಿದ್ರೆ, ಮಣ್ಣಲ್ಲಿ ಉಜ್ಕೊ ಅಂತಾರೆ."

ಇಬ್ಬರೂ ಪೂರ್ತಿ ಕೇಳಿದರು. ಮರಮ್ಮ ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. "ಇದು ಇಲ್ಲೇ ಇರ್ಲಿ, ಹೊಸದು ನಾಕು ತಿಂಗಳು ನೆಟ್ಟಗೆ ನಡೀಲಿ. ನಾಳೆ ಆ ಅಂಗಡಿಯವನ್ನೂ ಕರ್ಕೊಂಡೋಗನ. ಸಿನಿಮಾ ಹಾಡು ಕೇಳ್ಲಿ."

ಸಂಘದ ಅಕ್ಕತಂಗಿಯರೇ, ನಿಮ್ಮ ಕಂಪ್ಯೂಟರು ತಡವರಿಸಿದರೆ ಅದು ನಿಲ್ಲುವ ತನಕ ಕಾಯಬೇಡಿ. ಬೇಕಾದದ್ದನ್ನು ಇವತ್ತೇ ಬೇರೆ ಕಡೆ ತೆಗೆದಿಡಿ. ಹೊಸ ಡಿಸ್ಕಿಗೆ ಸಾಗಿಸುವಾಗ ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ಇಬ್ಬರು ನೋಡಿ, ಬಾಯಿಬಿಟ್ಟು ಓದಿ, ನಂತರ ಒತ್ತಿ. ನಮ್ಮ ಮಾತನ್ನು ಅಳಿಸಲು ಕಾದು ಕೂತವರು ಮೊದಲೇ ಬಹಳ ಮಂದಿ ಇದ್ದಾರೆ. ಅವರ ಕೆಲಸವನ್ನು ನಮ್ಮ ಕೈಯಾರೆ ಮಾಡಿಕೊಡುವುದು ಬೇಡ.