ಒಳಗೆ ಬಿಟ್ಟ ಬಟ್ಟೆ

ಕಂಪ್ಯೂಟರ್ ಪರದೆಯ ಮೇಲೆ ಎದೆ ಸುತ್ತಳತೆ ಮೂವತ್ತಾರು ಇಂಚು ಎಂದಿತ್ತು. ಹಿರಿಸೊಸೆ ಕತ್ತರಿ ಹಿಡಿದುಕೊಂಡೇ ಇನ್ನೊಮ್ಮೆ ನೋಡಿದಳು. ಮೂವತ್ತಾರೇ. ಕೋಟು ಹೊಲಿಸುತ್ತಿರುವ ಹೆಡ್‌ಮಿಸ್ಸಿಗೆ ಮೂವತ್ತಾರಂತೆ! ಆ ಹೆಂಗಸಿನ ಸುತ್ತಳತೆ ಮೂವತ್ತಾರು ಇಂಚು ದಾಟಿ ಹತ್ತು ವರ್ಷವಾಯಿತು, ಈಗ ನಲವತ್ತು. ಇದು ಅವರ ಮಗಳ ಅಳತೆ. ಎತ್ತರ, ಭುಜ, ತೋಳು ತಾಯಿ ಮಗಳದು ಅಚ್ಚು ಹೊಡೆದ ಹಾಗೆ ಒಂದೇ, ಸುತ್ತಳತೆ ಮಾತ್ರ ಬೇರೆ.

"ಅಕ್ಕ, ಅಳತೆ ಸಿಕ್ತಾ?" ಕಂಪ್ಯೂಟರ್ ಮುಂದಿನ ಬೆಂಚಿನಿಂದ ಕಿರಿಸೊಸೆ ಕೇಳಿದಳು.

"ಸಿಕ್ತು," ಎಂದಳು ಹಿರಿಸೊಸೆ.

ಹೀಗೇಕಾಯಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಿರಿಸೊಸೆ ಈ ಮನೆಗೆ ಬಂದು ಇನ್ನೂ ಎಂಟು ತಿಂಗಳು. ಬಂದವಳೇ ಹೊಲಿಗೆ ಅಂಗಡಿಯ ಅಳತೆ ಪುಸ್ತಕವನ್ನು ಪೂರ್ತಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ಹಾಕಿಬಿಟ್ಟಿದ್ದಳು.

"ಇದಕ್ಕೆ ಡಿಕ್ಷನರಿ ಅಂತಾರೆ ಅಕ್ಕ," ಎಂದು ಅವತ್ತು ವಿವರಿಸಿದ್ದಳು. "ಗಿರಾಕಿ ಫೋನ್ ನಂಬರೇ ಕೀ, ಬೀಗದ ಕೈ ಇದ್ದ ಹಾಗೆ. ಕೀ ಕೊಟ್ರೆ ಅದರ ಅಳತೆ ಬರುತ್ತೆ."

"ಒಂದೇ ಕೀಗೆ ಎರಡು ಸಲ ಅಳತೆ ಹಾಕಿದ್ರೆ?"

"ಹಳೇದು ಹೋಗಿ ಹೊಸದು ಕೂತ್ಕೊಳ್ಳುತ್ತೆ. ಆದ್ರೆ ಇಬ್ಬರಿಗೆ ಒಂದೇ ನಂಬರ್ ಎಲ್ಲಿರುತ್ತೆ ಹೇಳಿ!"

ಎಲ್ಲಿರುತ್ತೆ! ಹಿರಿಸೊಸೆಗೆ ಥಟ್ಟನೆ ಹೆಡ್‌ಮಿಸ್ಸಿನ ಮನೆ ನೆನಪಾಗಿತ್ತು. ಮಗಳಿಗೆ ಫೋನ್ ಕೊಡಿಸಲ್ಲ ಅಂತ ಹಟ ಹಿಡಿದ ತಾಯಿ ಅದು, ಮಗಳೂ ಕೊಡುವುದು ತಾಯಿಯ ನಂಬರನ್ನೇ. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಯಾಕೆ ಹೇಳಬೇಕು? ಮೊನ್ನೆ ಬಂದವಳು ನಾಲ್ಕು ಅಕ್ಷರ ಒತ್ತಿದರೆ ಮಾವ ಹಿಗ್ಗಿ ಹೀರೇಕಾಯಿ ಆಗುತ್ತಾರೆ. ಬಂದ ಗಿರಾಕಿಗೆಲ್ಲ ಅದೇ ಪುರಾಣ: "ನಮ್ಮ ಚಿಕ್ಕ ಸೊಸೆ ನೋಡಿ, ಇಡೀ ಅಂಗಡೀನೇ ಡಬ್ಬಿಯೊಳಗೆ ಹಾಕಿದಾಳೆ." ಹದಿನೈದು ವರ್ಷ ಈ ಮೇಜಿನ ಮುಂದೆ ನಿಂತು ಸೊಂಟ ಸವೆಸಿದವಳ ಬಗ್ಗೆ ಅಂಥ ಒಂದು ಮಾತನ್ನು ಅವಳು ಕೇಳಿಯೇ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದರೇ? ಮೊದಲೆಲ್ಲ "ಇವರ ಅಳತೆ ಎಷ್ಟಮ್ಮ?" ಎಂದು ತನ್ನನ್ನು ಕೇಳುತ್ತಿದ್ದ ಮಾವ ಈಗ ಬೆಂಚಿನ ಕಡೆಗೆ ಕುತ್ತಿಗೆ ತಿರುಗಿಸುತ್ತಾರೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದು ಯಾಕೆ.

ಶನಿವಾರ ಹೆಡ್‌ಮಿಸ್ಸಿನ ನಿವೃತ್ತಿ ಸಭೆ. ಈ ಕೋಟು ಹಾಕಿಕೊಂಡೇ ಅವರು ಮೂವತ್ತು ವರ್ಷದ ವಿದ್ಯಾರ್ಥಿಗಳ ಮುಂದೆ ನಿಲ್ಲಬೇಕು. ಕೋಟು ಮೈಗೆ ಹಿಡಿಸದಿದ್ದರೆ ತಪ್ಪು ಯಾರದು? ಕಂಪ್ಯೂಟರಿನದು. ಕಂಪ್ಯೂಟರ್ ಯಾರದು? ಗೊತ್ತಾಗಲಿ ಎಲ್ಲರಿಗೂ.

ಮೂವತ್ತಾರಕ್ಕೆ ಸರಿಯಾಗಿ ಚಾಕಿನಲ್ಲಿ ಗೆರೆ ಎಳೆದಳು. ಗೆರೆಯಿಂದ ಅರ್ಧ ಇಂಚು ಆಚೆ ಕತ್ತರಿಸಿ, ಅಷ್ಟು ಬಟ್ಟೆಯನ್ನು ಹೊಲಿಗೆಯ ಒಳಗೆ ಬಿಡುವುದು ಅಂಗಡಿಯ ರೂಢಿ. ಕತ್ತರಿ ಬಾಯಿ ತೆರೆದುಕೊಂಡು ಹಾಗೇ ನಿಂತಿತು. ಕಡುನೀಲಿ ಉಣ್ಣೆ, ಹೆಡ್‌ಮಿಸ್ಸು ಆರು ಅಂಗಡಿ ಸುತ್ತಿ ತಂದದ್ದು, ಮುಟ್ಟಿದರೆ ಬಿಡಲು ಮನಸ್ಸಾಗದು. ಕೈ ಗೆರೆಯಿಂದ ಇನ್ನಷ್ಟು ಆಚೆ ಸರಿಯಿತು. ಆಮೇಲೆ ಕರಕರನೆ ಕತ್ತರಿಸಿದಳು. ಹೊಲಿದವಳೂ ಅವಳೇ, ಒಳಗೆ ಲೈನಿಂಗ್ ಹಾಕಿ ಮುಚ್ಚಿದವಳೂ ಅವಳೇ.

ಶುಕ್ರವಾರ ಹೆಡ್‌ಮಿಸ್ಸು ಕನ್ನಡಿ ಮುಂದೆ ನಿಂತರು. ಗುಂಡಿಗೂ ಕಾಜಕ್ಕೂ ನಾಲ್ಕು ಬೆರಳು ದೂರ.

"ಉಸಿರು ಬಿಗಿ ಹಿಡಿದ್ರೂ ಆಗ್ತಿಲ್ಲ. ಒಂದು ವಾರದಲ್ಲಿ ಇಷ್ಟು ಊದಿಕೊಂಡ್ನಾ ನಾನು?" ಎಂದು ನಗಲು ನೋಡಿದರು. ನಗು ಬರಲಿಲ್ಲ. "ನಾಳೆ ಏನು ಹಾಕ್ಕೊಳ್ಳಲಿ?"

ಕಿರಿಸೊಸೆ ಓಡಿಹೋಗಿ ನಂಬರ್ ಒತ್ತಿದಳು. "ಮಿಸ್, ನಿಮ್ಮ ಮಗಳದೂ ಇದೇ ನಂಬರಾ?" ಅವರು ಹೌದೆಂದು ತಲೆಯಾಡಿಸಿದಾಗ ಅವಳು ಮಾವನ ಕಡೆ ತಿರುಗಿದಳು. "ತಪ್ಪು ನಂದು ಮಾವ. ಮಗಳ ಅಳತೆ ಹಾಕುವಾಗ ಇವರದು ಅಳಿಸಿಹೋಗಿದೆ."

ಹಿರಿಸೊಸೆ ಕಾದಿದ್ದುದು ಇದಕ್ಕೇ. ಮಾವ ಕನ್ನಡಕ ತೆಗೆದರು. ತಿರುಗಿದ್ದು ಮಾತ್ರ ಹಿರಿಸೊಸೆಯ ಕಡೆಗೆ.

"ಆ ಯಂತ್ರಕ್ಕೆ ಕಣ್ಣಿಲ್ಲ, ನಿನಗಿತ್ತಲ್ಲಮ್ಮ? ಬೀದೀಲಿ ಹೋಗೋರ ಅಳತೇನ ಬರೀ ಕಣ್ಣಲ್ಲೇ ಹೇಳ್ತಾಳೆ ನನ್ನ ದೊಡ್ಡ ಸೊಸೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತೀನಿ. ನೀನೂ ನೋಡ್ಲಿಲ್ವಾ?"

ಹೇಳಿಕೊಂಡು ಓಡಾಡುತ್ತಾರಂತೆ! ಇವಳೊಬ್ಬಳನ್ನು ಬಿಟ್ಟು ಮಿಕ್ಕವರಿಗೆಲ್ಲ. ಹದಿನೈದು ವರ್ಷ ಕಾದ ಮಾತು ಈ ಹೊತ್ತಿನಲ್ಲೇ ಬರಬೇಕಿತ್ತೇ?

ಕಿರಿಸೊಸೆ ಟೇಪು ಹಿಡಿದು ಹೆಡ್‌ಮಿಸ್ಸಿನ ಅಳತೆ ಮತ್ತೆ ತೆಗೆದಳು. ನಲವತ್ತು. ಹೊಲಿಗೆ ಬಾರದಿದ್ದರೂ ಬಿಚ್ಚಲು ಅವಳಿಗೆ ಬರುತ್ತಿತ್ತು. ಕೋಟನ್ನು ತೊಡೆ ಮೇಲೆ ಹರಡಿಕೊಂಡು ಲೈನಿಂಗ್ ಬಿಡಿಸಿದಳು, ಪಕ್ಕದ ಹೊಲಿಗೆಯೊಳಗೆ ಬೆರಳಿಟ್ಟವಳು ಮತ್ತೆ ಮುಟ್ಟಿ ನೋಡಿದಳು. ಟೇಪು ಇಟ್ಟು ನೋಡಿದಳು. ಅರ್ಧ ಇಂಚಲ್ಲ, ಒಂದೂವರೆ. ಮುಂಭಾಗದ್ದೂ ಹಿಂಭಾಗದ್ದೂ ಅಷ್ಟೇ. ಇನ್ನೊಂದು ಪಕ್ಕದಲ್ಲೂ ಅಷ್ಟೇ, ನಾಲ್ಕು ಅಂಚಿಗೆ ಒಟ್ಟು ನಾಲ್ಕು ಇಂಚು ಹೆಚ್ಚು. ನಿಧಾನವಾಗಿ ತಲೆಯೆತ್ತಿ ಹಿರಿಸೊಸೆಯನ್ನು ನೋಡಿದಳು.

"ಏನಮ್ಮ, ಬಟ್ಟೆ ಇದೆಯಾ ಒಳಗೆ?" ಮಾವ ಕೇಳಿದರು.

"ಇದೆ ಮಾವ. ಬಿಡಿಸಿ ಹೊಲಿದ್ರೆ ಸರಿಯಾಗಿ ನಲವತ್ತಕ್ಕೆ ಬರುತ್ತೆ. ಲೈನಿಂಗ್ ಮಾತ್ರ ಹೊಸದು ಹಾಕಬೇಕು."

"ಅಬ್ಬ, ಬದುಕಿಸಿದ್ರಿ!" ಎಂದು ಹೆಡ್‌ಮಿಸ್ಸು ಸ್ಟೂಲಿನ ಮೇಲೆ ಕುಸಿದು ಕೂತರು.

ಕಿರಿಸೊಸೆ ಕೋಟನ್ನು ಅಕ್ಕನ ಮಿಷನ್ ಮೇಲೆ ಇಟ್ಟು ಕಂಪ್ಯೂಟರಿನ ಮುಂದೆ ಕೂತಳು. "ಇನ್ಮೇಲೆ ನಂಬರು, ಹೆಸರು ಎರಡೂ ಸೇರಿಸಿ ಒಂದು ಕೀ ಮಾಡ್ತೀನಿ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಹೀಗೆ ಒಂದೇ ನಂಬರ್ ಇರೋ ಮನೆ ಇನ್ನೂ ಎಷ್ಟಿರಬಹುದು ಅಕ್ಕ?"

"ಹನ್ನೊಂದು," ಎಂದಳು ಹಿರಿಸೊಸೆ. ಯೋಚಿಸುವ ಮೊದಲೇ ಬಾಯಿಂದ ಬಿದ್ದುಹೋಗಿತ್ತು.

ಕಿರಿಸೊಸೆಯ ಬೆರಳುಗಳು ನಿಂತವು. ಮೊದಲೇ ಎಣಿಸಿಟ್ಟವಳು ಮಾತ್ರ ಅಷ್ಟು ಬೇಗ ಹೇಳಬಲ್ಲಳು. ಅವಳು ಬೆಂಚಿನ ತುದಿಗೆ ಸರಿದು ಅಕ್ಕನಿಗೆ ಕೂರಲು ಪಕ್ಕದಲ್ಲಿ ಜಾಗ ಮಾಡಿದಳು. ಹಿರಿಸೊಸೆ ಕೈಗಂಟಿದ ಚಾಕಿನ ಪುಡಿಯನ್ನು ಒರೆಸಿಕೊಂಡಳು. ಪುಡಿಯೆಲ್ಲ ಹೋದ ಮೇಲೂ ನಿಂತಲ್ಲೇ ಒರೆಸುತ್ತಿದ್ದಳು.