ಮುಂಗೈಯಲ್ಲಿ ಪಟ್ಟಲಮ್ಮ

“ಇನ್ನು ಇದ್ನ ಓದೋರ್ಯಾರು?”

ಮುದ್ದಮ್ಮ ಯಾರನ್ನೂ ಕೇಳಿದ್ದಲ್ಲ. ಆತಗೂರಿನ ಮನೆಯ ಜಗಲಿಯ ಮೇಲೆ ಎಳೆಬಿಸಿಲಿಗೆ ಎಡಗೈ ಚಾಚಿಕೊಂಡು ಕೂತಿದ್ದಳು. ಮುಂಗೈಯ ಹಚ್ಚೆ ಒಂದು ಕಾಲಕ್ಕೆ ಗರಿಕೆಯಷ್ಟು ಹಸುರಾಗಿತ್ತು. ಈಗ ತೊಗಲು ಸುಕ್ಕುಗಟ್ಟಿ, ಅಕ್ಷರಗಳು ಒಂದರೊಳಗೊಂದು ಕರಗಿ, ಪಾಚಿ ಹಿಡಿದ ಕಲ್ಲಿನ ಹಾಗೆ ಕಾಣುತ್ತಿತ್ತು. ಮದ್ದೂರಿನ ಔಷಧಿ ಅಂಗಡಿಯ ಕೆಲಸಕ್ಕೆ ಹೊರಡಲು ಒಳಗೆ ಊಟದ ಡಬ್ಬಿ ಕಟ್ಟಿಕೊಳ್ಳುತ್ತಿದ್ದ ಮೊಮ್ಮಗಳು ನಾಗಶ್ರೀಗೆ ಆ ಮಾತು ಕೇಳಿಸಿತು.

ಹಚ್ಚೆಯಲ್ಲಿದ್ದದ್ದು ಮುದ್ದಮ್ಮನ ಅತ್ತೆ ಪಟ್ಟಲಮ್ಮನ ಹೆಸರು. ಗಂಡನ ಹೆಸರಿರಬೇಕಾದ ಜಾಗದಲ್ಲಿ ಅತ್ತೆಯ ಹೆಸರು ಬಂದು ಕೂತದ್ದು ಹೀಗೆ.

ಮುದ್ದಮ್ಮ ಮದುವೆಯಾಗಿ ಬಂದ ವರ್ಷ, ಹಚ್ಚೆ ಹುಯ್ಯುವ ಹೆಂಗಸೊಬ್ಬಳು ಕೇರಿಗೆ ಬಂದಳು. ಆಗೆಲ್ಲ ಹಚ್ಚೆಯಿಲ್ಲದ ಹೆಣ್ಣಿನ ಕೈ ಬರಿಗೈ. ಚಿನ್ನ ಕಾಣದವರಿಗೆ ಅದೇ ಒಡವೆ, ಸತ್ತ ಮೇಲೂ ಯಾರೂ ಬಿಚ್ಚಿಕೊಳ್ಳಲಾಗದ ಒಡವೆ. ಮನೆಯವರೆಲ್ಲ ನಾಟಿಗೆ ಹೋಗಿದ್ದರು. ಹುಡುಗಿ ಒಬ್ಬಳೇ ಕೈ ಚಾಚಿ ಕೂತಳು.

“ನಿನ್ ಗಂಡನ ಎಸ್ರು ಏಳವ್ವ.”

ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂದು ತವರಿನಲ್ಲಿ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಮುದ್ದಮ್ಮ ತಲೆ ಬಗ್ಗಿಸಿದಳು.

“ಸರಿ ಓಯ್ತು. ನಾನಿನ್ನೂ ನಾಕ್ ಮನೆ ತಿರುಗ್ಬೇಕು. ಯಾರ್ದಾರ ಒಬ್ರುದ್ದು ಏಳು.”

ಆ ಹೊಸ ಮನೆಯಲ್ಲಿ ‘ಉಂಡ್ಯೇನವ್ವ’ ಎಂದು ದಿನವೂ ಕೇಳುತ್ತಿದ್ದವಳು ಅತ್ತೆ ಒಬ್ಬಳೇ. ಅವಳ ಹೆಸರೇ ಬಾಯಿಗೆ ಬಂತು. ಹಚ್ಚೆಯವಳು ನೋವು ಮರೆಸಲು ಪದ ಹೇಳುತ್ತ ಚುಚ್ಚಿದಳು. ಹುಡುಗಿ ಪದಕ್ಕೆ ಕಿವಿಗೊಟ್ಟು, ಹಲ್ಲು ಕಚ್ಚಿಕೊಂಡು ಕೂತಳು.

ಸಂಜೆ, ನಾಲ್ಕು ಅಕ್ಷರ ಬಲ್ಲ ಪಕ್ಕದ ಮನೆಯ ಮಹದೇವು ಅದನ್ನು ಓದಿದ.

“ಲೇ ನಿಂಗ, ನಿನ್ ಎಂಡ್ರು ನಿಮ್ಮವ್ವುನ್ನ ಕಟ್ಕಂಡವ್ಳೆ ಕಣ್ಲಾ.”

ಕೇರಿಯೆಲ್ಲ ನಕ್ಕಿತು. ಗಂಡ ನಿಂಗಯ್ಯನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. “ನನ್ ಎಸ್ರು ಏಳಕ್ಕೆ ನಾಚ್ಕೆ, ಅತ್ತೆ ಎಸ್ರು ಕರಿಯಕ್ಕೆ ನಾಚ್ಕೆ ಇಲ್ವಾ?” ಎಂದು ಗದರಿದ.

ಪಟ್ಟಲಮ್ಮ ಕೆಸರು ಕಾಲಲ್ಲೇ ಬಂದು ಸೊಸೆಯ ಕೈ ಹಿಡಿದಳು. ಅವಳಿಗೆ ಓದು ಬಾರದು. “ಎಲ್ಲಿಂದ ಎಲ್ಲಿಗಂಟ ಐತೆ ಮಗ ನನ್ ಎಸ್ರು?” ಎಂದಳು. ಊದಿದ ತೊಗಲನ್ನು ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಅದರುದ್ದಕ್ಕೂ ಸರಿಸಿದಳು. “ನನ್ನ ಎತ್ತೋರೂ ನನ್ ಎಸ್ರ ಎಲ್ಲೂ ಬರೆಸ್ಲಿಲ್ಲ. ನಗೋರು ನಕ್ಕಳ್ಳಿ ಬುಡು.”

ಆ ರಾತ್ರಿಯೇ ಸೊಸೆಗೆ ಜ್ವರ ಬಂತು. ಅತ್ತೆ ಹರಳೆಣ್ಣೆಗೆ ಅರಿಸಿನ ಕಲಸಿ ಹಚ್ಚಿದಳು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಮುಂದೆ ಮೊದಲ ಕೂಸು ಉಳಿಯದೆ ಹೋದಾಗ, ಆಡಿಕೊಳ್ಳಲು ಬಂದವರನ್ನು ಹೊಸಲು ದಾಟಗೊಡಲಿಲ್ಲ. ಎರಡನೆಯ ಬಸಿರಲ್ಲಿ ಸೊಸೆಯನ್ನು ಕೂರಿಸಿ ಅವಳ ಪಾಲಿನ ಕೂಲಿಗೂ ತಾನೇ ಹೋದಳು. ಆ ಕೂಸೇ ನಾಗಶ್ರೀಯ ಅಪ್ಪ.

ಪಟ್ಟಲಮ್ಮನದು ಒಂದು ಫೋಟೋ ಇಲ್ಲ. ಪಹಣಿಯಲ್ಲಿ ಹೆಸರಿಲ್ಲ. ಆಧಾರ್ ಕಾರ್ಡು ಬರುವುದಕ್ಕೆ ಎಷ್ಟೋ ಮೊದಲೇ ಹೋದವಳು. ದೇವರಿಗೆ ದೀಪ ಹಚ್ಚಿದ ಮೇಲೆ ಮುದ್ದಮ್ಮ ಆ ಮುಂಗೈಯನ್ನು ಕಣ್ಣಿಗೊತ್ತಿಕೊಳ್ಳುವುದು ಇವತ್ತಿಗೂ ತಪ್ಪಿಲ್ಲ. ಆ ಹೆಸರು ಲೋಕದಲ್ಲಿ ಇರುವುದು ಅಲ್ಲೊಂದೇ ಕಡೆ. ಅದೂ ಈಗ ಅಳಿಸಿಹೋಗುತ್ತಿತ್ತು.

ಭಾನುವಾರ ನಾಗಶ್ರೀ ಅಜ್ಜಿಯನ್ನು ಬಸ್ಸು ಹತ್ತಿಸಿಕೊಂಡು ಮಂಡ್ಯಕ್ಕೆ ಬಂದಳು. ಪ್ರಸನ್ನ ಎಂಬವನ ಟ್ಯಾಟೂ ಅಂಗಡಿ, ಮಹಡಿಯ ಮೇಲೆ. ಗೋಡೆಯ ತುಂಬ ಹುಲಿ, ತ್ರಿಶೂಲ, ರೆಕ್ಕೆಗಳು.

“ಹಳೇ ಅಕ್ಷರದ ಮೇಲೇ ತಿದ್ದಬೇಕು,” ಎಂದಳು ನಾಗಶ್ರೀ.

ಪ್ರಸನ್ನ ದೀಪ ಹತ್ತಿರ ಎಳೆದು ನೋಡಿದ. “ಅಜ್ಜಿ, ಸುಗರ್ ಐತಾ?”

“ಐತೆ ಕಣಪ್ಪ. ಬೀಪಿನೂ ಐತೆ. ಏನಿಲ್ಲ ಅಂತ ಕೇಳು, ಬಿರ್ನೆ ಏಳ್ತೀನಿ.”

ಅವನು ನಕ್ಕ. ಆಮೇಲೆ ಮೆಲ್ಲಗೆ ಹೇಳಿದ: “ಈ ತೊಗಲು ಸೂಜಿ ತಡಿಯಲ್ಲಜ್ಜಿ. ಗಾಯ ಮಾಯಲ್ಲ.”

ಮುದ್ದಮ್ಮ ಕೈಮೇಲೆ ಸೆರಗು ಎಳೆದುಕೊಂಡಳು. “ಅಂಗಾರೆ ಬುಡಪ್ಪ. ಅವ್ಳು ನನ್ ಜೊತೆಗೇ ಓಯ್ತಾಳೆ. ಇಷ್ಟ್ ದಿನ ಇದ್ಲಲ್ಲ, ಅದೇ ದೊಡ್ದು.”

ನಾಗಶ್ರೀ ಅಜ್ಜಿಯನ್ನು ಬೆಂಚಿಗೆ ಕೂರಿಸಿ, ತಾನು ಕುರ್ಚಿಯಲ್ಲಿ ಕೂತು ಬಟ್ಟೆಯ ತೋಳು ಮೇಲಕ್ಕೆ ಮಡಿಸಿದಳು. “ನನ್ ಕೈಗೆ ಆಕಿ. ಅದೇ ಎಸ್ರು.”

ಪ್ರಸನ್ನ ತೆಳುಕಾಗದದಲ್ಲಿ ಹೆಸರು ಬರೆದು ಅವಳ ಮುಂಗೈಗೆ ಒತ್ತಿ ತೆಗೆದ. ನೇರಳೆ ಬಣ್ಣದಲ್ಲಿ ಪಟ್ಟಲಮ್ಮ ಎಂಬ ಹೆಸರು ಸ್ಪಷ್ಟವಾಗಿ ಮೂಡಿತು. ಮುದ್ದಮ್ಮನ ಕಣ್ಣು ತುಂಬಿ ಬಂತು. ಮರುಗಳಿಗೆಯೇ ಅವಳಿಗೆ ದಿಗಿಲಾಯಿತು. ಹುಡುಗಿಗೆ ಮಳವಳ್ಳಿಯ ರವಿಚಂದ್ರನ ಜೊತೆ ಮದುವೆ ಗೊತ್ತಾಗಿತ್ತು, ಬರುವ ತಿಂಗಳೇ ಧಾರೆ.

“ಬ್ಯಾಡ ಕಣ್ಮಗ. ಮಳವಳ್ಳಿಯೋರು ನೋಡಿ ಯಾರ್ ಎಸ್ರಿದು ಅಂತ ನಗ್ತಾರೆ. ಗಂಡನ ಎಸ್ರು ಬುಟ್ಟು ಮುತ್ತಜ್ಜಿ ಎಸ್ರಾ ಅಂತಾರೆ.”

“ಕೇಳುದ್ರೆ ಯಾರು ಅಂತ ಏಳ್ತೀನಿ.”

“ನಂಗಾದ್ರೆ ಕಾಯಕ್ಕೆ ಅವ್ಳಿದ್ಲು. ನಿಂಗೆ ಅಲ್ಲಿ ಯಾರವ್ರೆ?”

ನಾಗಶ್ರೀ ಅಜ್ಜಿಯ ಮುಖವನ್ನೇ ನೋಡಿದಳು. “ಅವ್ಳು ಉಣ್ಣುಸ್ದೆ ಇದ್ದಿದ್ರೆ ನೀನಿರ್ತಿದ್ದಾ? ನಮ್ಮಪ್ಪ ಇರ್ತಿದ್ನಾ?”

ಮಿಷನ್ನು ಗುಂಯ್ ಎಂದಿತು. ಮುದ್ದಮ್ಮ ಎದ್ದು ಮೊಮ್ಮಗಳ ಭುಜ ಹಿಡಿದಳು. “ಆ ಬಣ್ಣ ಒರುಸ್ಕೊ ಮಗ. ನಿಂಗೆ ಕೈ ಮುಗಿತೀನಿ, ಬಾ ಓಗವ.”

“ನಾ ಬರಕಿಲ್ಲ ಕಣಜ್ಜಿ,” ಎಂದು ನಾಗಶ್ರೀ ಮುಂಗೈಯನ್ನು ಪ್ರಸನ್ನನ ಮುಂದಕ್ಕೆ ಸರಿಸಿದಳು.