ನೀಲಿ ಮುಚ್ಚಳದ ಮಾತ್ರೆ

ಗೋಡೆ ಏರಿಸಲಾರದ ಮೇಸ್ತ್ರಿ ಮಾತ್ರೆ ಡೊಂಕು ಅಂದನಂತೆ. ಗಾದೆ ಹೀಗಿಲ್ಲ, ಅದು ಕುಣಿಯಲಾರದವಳ ಮಾತು ಅಂತ ಮೂಗು ಮುರಿಯಬೇಡಿ. ಕಥೆ ಮುಗಿಯುವಷ್ಟರಲ್ಲಿ ನೀವೂ ಹೀಗೇ ಹೇಳುತ್ತೀರಿ. ಇದು ನಡೆದದ್ದೇ, ಸುಳ್ಳಾದರೆ ನನ್ನ ಅರ್ಧ ಮೀಸೆ ನಿಮ್ಮದು.

ಗಾರೆ ಮೇಸ್ತ್ರಿ ಮತ್ತು ಅವನ ಹೆಂಡತಿ, ಇಬ್ಬರಿಗೂ ಎಚ್‌ಐವಿ. ಒಂದೇ ದಿನ ಚಿಕಿತ್ಸೆ ಶುರು ಮಾಡಿದರು. ದಿನಕ್ಕೊಂದು ಮಾತ್ರೆ. ಅವಳ ಡಬ್ಬಿಗೆ ನೀಲಿ ಮುಚ್ಚಳ, ಅವನದಕ್ಕೆ ಬಿಳಿ. ವರ್ಷ ಕಳೆದ ಮೇಲೆ ವರದಿ ಬಂತು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತಲೆ ಕೆರೆದುಕೊಂಡ.

“ಏನೇ ಇದು? ಇಬ್ಬರ ರಕ್ತದಲ್ಲೂ ವೈರಸ್ ಕಾಣ್ತಿಲ್ಲ ಅಂತಿದೆ. ಆದ್ರೆ ರೋಗ ತಡೆಯೋ ಸಿಡಿ4 ಕಣ ನಿಂಗೆ ಆರುನೂರು, ನಂಗೆ ಇನ್ನೂರ ಮೂವತ್ತು! ಕಳ್ಳ ಓಡಿಹೋದ್ರೂ ಕಾವಲುಗಾರ ಬರಲಿಲ್ಲ ಅಂದ್ರೆ ಯಾವ ನ್ಯಾಯ?”

“ಚಿಕಿತ್ಸಾ ಕೇಂದ್ರದಲ್ಲಿ ಕೇಳೋಣ ರೀ.”

“ಕೇಳೋದೇನು? ನನ್ನ ಮಾತ್ರೇಲಿ ದಮ್ಮಿಲ್ಲ. ನಾಳೆಯಿಂದ ನುಂಗಲ್ಲ!”

ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏಳುತ್ತದೆಂದು ಹೆಂಡತಿಗೆ ಗೊತ್ತಿತ್ತು.

ಬೆಳಿಗ್ಗೆ ಬಾಗಿಲ ಸಂದಿಯಿಂದ ಇಣುಕಿದಳು. ಮೇಸ್ತ್ರಿ ತನ್ನದೊಂದು ಮಾತ್ರೆಯನ್ನು ಅವಳ ಡಬ್ಬಿಗೆ ಹಾಕಿ, ಅವಳದೊಂದನ್ನು ಕದ್ದು ಗುಳುಂ ಅನಿಸಿದ! ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು. ಎರಡು ಮುಚ್ಚಳ ಅದಲು ಬದಲು ಮಾಡಿಟ್ಟಳು, ಅಷ್ಟೇ.

ಆರು ತಿಂಗಳ ಮೇಲೆ ಅವನ ಸಂಖ್ಯೆ ಮುನ್ನೂರು ದಾಟಿತು. ಚಿಕಿತ್ಸಾ ಕೇಂದ್ರದ ಆಪ್ತಸಮಾಲೋಚಕಿಯ ಮುಂದೆ ಮೇಸ್ತ್ರಿ ಎದೆ ಉಬ್ಬಿಸಿದ.

“ಗುಟ್ಟು ಹೇಳ್ಲಾ ಅಕ್ಕಾ? ನನ್ನ ಹೆಂಡ್ತಿ ಮಾತ್ರೆ ತಿಂದೆ. ಏನ್ ಪವರ್ರು ಅಂತೀರಿ!”

ಸಮಾಲೋಚಕಿ ಹೆಂಡತಿಯ ಚೀಲದಲ್ಲಿದ್ದ ಎರಡೂ ಡಬ್ಬಿಯಿಂದ ಒಂದೊಂದು ಮಾತ್ರೆ ಮೇಜಿನ ಮೇಲಿಟ್ಟಳು. “ನಿಮ್ಮ ಹೆಂಡ್ತಿದು ಯಾವುದು, ಹೇಳಿ?”

ಮೇಸ್ತ್ರಿ ಬಗ್ಗಿ ನೋಡಿದ, ಮೂಸಿ ನೋಡಿದ. “ಎರಡೂ ಒಂದೇ ಥರ ಇವೆಯಲ್ಲ!”

“ಒಂದೇ ಮಾತ್ರೆ ಕಣಣ್ಣ.”

“ಅದೂ ಅಲ್ಲದೆ ನಾನು ಮುಚ್ಚಳ ಬದಲಾಯಿಸಿದ್ದೆ,” ಅಂದಳು ಹೆಂಡತಿ. “ಇಷ್ಟು ದಿನ ನೀವು ಕದ್ದಿದ್ದು ನಿಮ್ಮ ಡಬ್ಬೀದೇ!”

“ಹಂಗಾದ್ರೆ... ಏರಿದ್ದು ಹೆಂಗೆ?”

“ಬಿಡದೆ ನುಂಗಿದ್ದಕ್ಕೆ,” ಅಂದಳು ಸಮಾಲೋಚಕಿ. “ಈ ಕಣಗಳು ಗೋಡೆ ಇದ್ದ ಹಾಗೆ. ಚಿಕಿತ್ಸೆಗೆ ಬಂದಾಗ ಇವರ ಗೋಡೆ ಕಿಟಕಿ ಮಟ್ಟಕ್ಕಿತ್ತು. ಒಂದೇ ದಿನ ಶುರು ಮಾಡಿದ್ರೂ, ನೀವು ಗಂಡಸಿಗೇನಾಗುತ್ತೆ ಅಂತ ಪರೀಕ್ಷೆಗೆ ತಡ ಮಾಡಿದ್ರಿ, ಅಷ್ಟರಲ್ಲಿ ವೈರಸ್ ಗೋಡೆ ಕೆಡವಿ ನಿಮ್ಮದು ಬರೀ ಪಾಯ ಉಳಿದಿತ್ತು. ಯಾವುದು ಮೊದಲು ಸೂರು ಮುಟ್ಟುತ್ತೆ ಮೇಸ್ತ್ರಿ?”

“ಕಿಟಕಿ ಮಟ್ಟದ್ದೇ. ಅದನ್ನೂ ಕೇಳ್ಬೇಕಾ?”

“ಜೊತೆಗೆ ಗಂಡಸರಲ್ಲಿ ಈ ಕಣ ಹೆಂಗಸರಿಗಿಂತ ನಿಧಾನಕ್ಕೆ ಏರೋದು ಸಾಮಾನ್ಯ. ನಿಧಾನ ಅಂದ್ರೆ ನಿಂತಿದೆ ಅಂತಲ್ಲ. ಮಾತ್ರೆ ಬಿಟ್ರೆ ಕಟ್ಟಿದ ಗೋಡೇನೂ ಕುಸಿಯುತ್ತೆ. ಇನ್ನೊಬ್ಬರ ಔಷಧಿಗೆ ಮಾತ್ರ ಕೈ ಹಾಕ್ಬೇಡಿ. ನಿಮ್ಮಿಬ್ಬರದು ಒಂದೇ ಆಗಿದ್ದು ನಿಮ್ಮ ಪುಣ್ಯ.”

ಓದುತ್ತಿರುವ ಅಣ್ಣಂದಿರೇ, ಪರೀಕ್ಷೆಗೆ ಹಿಂದೆ ಮುಂದೆ ನೋಡಬೇಡಿ. ಚಿಕಿತ್ಸೆಯಲ್ಲಿದ್ದರೆ ನಿಮ್ಮ ಸಂಖ್ಯೆಯನ್ನು ನಿಮ್ಮದೇ ಹಳೆಯ ಸಂಖ್ಯೆಯ ಜೊತೆ ಹೋಲಿಸಿ, ಪಕ್ಕದವರದರ ಜೊತೆ ಬೇಡ. ಸಂಖ್ಯೆ ನೋಡಿ ತಲೆ ಗಿರ್ ಅಂದರೆ ಕೇಂದ್ರದಲ್ಲಿ ಕೇಳಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ಮೇಸ್ತ್ರಿ ಏನಾದ ಅಂದಿರಾ? ಎರಡು ಮುಚ್ಚಳಗಳನ್ನೂ ಕೈಯಲ್ಲಿ ಹಿಡಿದು ಪಿಳಿಪಿಳಿ ನೋಡಿದ. ಆಮೇಲೆ, “ಅಯ್ಯೋ, ನನ್ನ ಮನೇಲಿ ನನ್ನದನ್ನೇ ಕದ್ದ ಕಳ್ಳ ನಾನೇನಾ!” ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ನಕ್ಕಳು, ಸಮಾಲೋಚಕಿ ನಕ್ಕಳು. ಆದರೆ ಹೊರಗೆ ಸಾಲಲ್ಲಿ ಕೂತವರೆಲ್ಲ ಬಾಗಿಲ ಕಡೆ ತಿರುಗಿದ್ದು ಮೇಸ್ತ್ರಿಯ ನಗುವಿಗೆ.